ಅಕ್ಯುಪಂಕ್ಚರ್ ಮಾಡಿಸಿಕೊಳ್ಳಬೇಕು ಅಂದುಕೊಂಡವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಅರೆತಲೆನೋವು ಇದೆ. ನರರೋಗ ತಜ್ಞರು ಕೊಟ್ಟ ಮಾತ್ರೆಯ ಜೊತೆಗೆ ಅಕ್ಯುಪಂಕ್ಚರ್, ಅಂದರೆ ಮೈಯ ಗೊತ್ತಾದ ಬಿಂದುಗಳಲ್ಲಿ ತೆಳು ಸೂಜಿ ಚುಚ್ಚುವ ಚಿಕಿತ್ಸೆ, ಕೂಡ ಮಾಡಿಸಿಕೊಳ್ಳುತ್ತೇನೆ. ಇದು ಗೊತ್ತಾದವರೆಲ್ಲ ಒಂದಲ್ಲ ಒಂದು ಪ್ರಶ್ನೆ ಕೇಳುತ್ತಾರೆ. ಜಾಸ್ತಿ ಸಲ ಕೇಳಿಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ವೈದ್ಯೆಯಲ್ಲ. ಚಿಕಿತ್ಸೆ ಪಡೆಯುವವಳಾಗಿ, ಅದರ ಬಗ್ಗೆ ಓದುತ್ತಾ ಬಂದವಳಾಗಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೆಲವು ನೋವುಗಳಿಗೆ ಇದು ಒಳ್ಳೆಯ ಜೊತೆ ಚಿಕಿತ್ಸೆ. ಆದರೆ ಡಾಕ್ಟರನ್ನು ಬಿಟ್ಟು ಇದೊಂದನ್ನೇ ನಂಬಿ ಕೂರುವಂಥದ್ದಲ್ಲ.

ಸೂಜಿ ಚುಚ್ಚಿದರೆ ನೋಯಲ್ವಾ?

ಬಹಳ ಜನ ಹಿಂದೇಟು ಹಾಕುವುದು ಇದೇ ಭಯಕ್ಕೆ. ರಕ್ತ ತೆಗೆಯುವ ಸೂಜಿ ಸುಮಾರು 0.7ರಿಂದ 0.8 ಮಿಲಿಮೀಟರ್ ದಪ್ಪ ಇರುತ್ತದೆ, ಒಳಗೆ ಟೊಳ್ಳು. ಅಕ್ಯುಪಂಕ್ಚರ್ ಸೂಜಿ ಸಾಮಾನ್ಯವಾಗಿ 0.16ರಿಂದ 0.30 ಮಿಲಿಮೀಟರ್. ಒಳಗೆ ಟೊಳ್ಳಿಲ್ಲ, ಬರೀ ಉಕ್ಕಿನ ಎಳೆ. ಬೆರಳಲ್ಲಿ ಹಿಡಿದರೆ ಬಾಗುತ್ತದೆ. ಅನೇಕರು ಸಣ್ಣ ಕೊಳವೆಯೊಳಗೆ ಸೂಜಿ ಇಟ್ಟು, ಮೇಲಿಂದ ಬೆರಳಲ್ಲಿ ಟಕ್ ಅಂತ ತಟ್ಟುತ್ತಾರೆ. ಚರ್ಮ ದಾಟುವ ಆ ಕ್ಷಣ ಗೊತ್ತೇ ಆಗದಷ್ಟು ಬೇಗ ಮುಗಿಯುತ್ತದೆ. ಈ ಕೊಳವೆಯ ವಿಧಾನ 17ನೇ ಶತಮಾನದ ಜಪಾನಿನದು. ಸುಗಿಯಾಮಾ ವಾಯಿಚಿ ಎಂಬ ಅಂಧ ಚಿಕಿತ್ಸಕರು ಇದನ್ನು ರೂಢಿಗೆ ತಂದರು ಎನ್ನುತ್ತಾರೆ. ಕಣ್ಣು ಕಾಣದವರಿಗೂ ಸೂಜಿಯನ್ನು ನೆಟ್ಟಗೆ ಇಡಲು ಸಾಧ್ಯವಾಗಿದ್ದು ಇದರಿಂದ. ನನಗೆ ಬಹಳ ಇಷ್ಟವಾದ ವಿವರ ಇದು.

ಸೂಜಿ ಒಳಗೆ ಹೋದ ಮೇಲೆ ಬೇರೆ ಥರದ ಅನುಭವ ಆಗುತ್ತದೆ. ಭಾರ ಅನಿಸುವುದು, ಜುಮ್ ಅನ್ನುವುದು, ಒಳಗೆ ಹಿಡಿದುಕೊಂಡ ಹಾಗೆ ಆಗುವುದು. ಚಿಕಿತ್ಸಕರು ಇದನ್ನೇ ಕಾಯುತ್ತಿರುತ್ತಾರೆ. ಆದರೆ ಚುರುಕ್ ಅಂತ ಉರಿ ಬಂದರೆ, ಕರೆಂಟ್ ಹೊಡೆದ ಹಾಗಾದರೆ ಕೂಡಲೇ ಹೇಳಿ. ಸಹಿಸಿಕೊಂಡು ಮಲಗುವ ಅಗತ್ಯ ಇಲ್ಲ. ಸೂಜಿಯನ್ನು ಸ್ವಲ್ಪ ಹಿಂದೆ ಎಳೆದರೆ ಸರಿಹೋಗುತ್ತದೆ.

ಸೂಜಿಯಲ್ಲಿ ಏನಾದರೂ ಔಷಧಿ ಇರುತ್ತಾ?

ಇಲ್ಲ. ಏನೂ ಇರುವುದಿಲ್ಲ.

ಇದು ಚೀನಾದ್ದು ಅಲ್ವಾ? ನಮ್ಮ ಕಡೆ ಹೇಗೆ ಬಂತು?

ಹೌದು, ಚೀನಾದ್ದೇ. ಎರಡು ಸಾವಿರ ವರ್ಷದಷ್ಟು ಹಳೆಯ ವೈದ್ಯ ಗ್ರಂಥ 'ಹುವಾಂಗ್‌ದಿ ನೈಜಿಂಗ್'ನಲ್ಲಿ ಸೂಜಿ ಚಿಕಿತ್ಸೆಯ ವಿವರ ಇದೆ. ಮೈಯಲ್ಲಿ 361 ಮುಖ್ಯ ಬಿಂದುಗಳು ಎಂಬ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯೂ ಒಪ್ಪಿಕೊಂಡಿದೆ. 2010ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ದೇಶಕ್ಕೆ ಬಂದ ದಾರಿ ಮನಸ್ಸಿಗೆ ತಟ್ಟುವಂಥದ್ದು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ಭಾರತದಿಂದ ಐವರು ಡಾಕ್ಟರುಗಳ ತಂಡ ಹೋಯಿತು. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಆ ತಂಡದಲ್ಲಿದ್ದವರು. ಗಾಯಾಳುಗಳ ಸೇವೆ ಮಾಡುತ್ತಲೇ 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದ ಡಾ. ಬಿ.ಕೆ. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತರು. ವಾಪಸ್ ಬಂದು ಕಲ್ಕತ್ತಾದಲ್ಲಿ ಶುರು ಮಾಡಿದರು. ಹಾಗಾಗಿಯೇ ಬಂಗಾಳದಲ್ಲಿ ಇದರ ಬೇರು ಗಟ್ಟಿ. ಇದಕ್ಕಾಗಿ ಪ್ರತ್ಯೇಕ ಕಾನೂನನ್ನು 1996ರಲ್ಲೇ ಮಾಡಿದ ರಾಜ್ಯ ಪಶ್ಚಿಮ ಬಂಗಾಳ.

ಕರ್ನಾಟಕದಲ್ಲಿ ಹೆಚ್ಚಿನವರಿಗೆ ಇದು ಪರಿಚಯವಾಗುವುದು ಪ್ರಕೃತಿ ಚಿಕಿತ್ಸೆಯ ಬಾಗಿಲಿಂದ. ಧರ್ಮಸ್ಥಳದ ಶಾಂತಿವನ, ಬೆಂಗಳೂರಿನ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯ, ಇಂಥ ಕಡೆ ಮಣ್ಣಿನ ಪಟ್ಟಿ, ಉಪವಾಸ, ಯೋಗದ ಜೊತೆಗೆ ಅಕ್ಯುಪಂಕ್ಚರ್ ಕೂಡ ಇರುತ್ತದೆ.

ಸೂಜಿ ಚುಚ್ಚಿದರೆ ನೋವು ಹೇಗೆ ಕಡಿಮೆಯಾಗುತ್ತೆ?

ಚೀನೀ ಸಂಪ್ರದಾಯ ಹೇಳುವುದು ಹೀಗೆ: ಮೈಯಲ್ಲಿ 'ಚೀ' ಎಂಬ ಶಕ್ತಿ ಕೆಲವು ದಾರಿಗಳಲ್ಲಿ ಹರಿಯುತ್ತದೆ. ತಡೆ ಬಿದ್ದ ಕಡೆ ಕಾಯಿಲೆ. ಸೂಜಿ ಆ ತಡೆ ಬಿಡಿಸುತ್ತದೆ. ಆದರೆ ದೇಹವನ್ನು ಕೊಯ್ದು ನೋಡಿದರೆ ಇಂಥ ದಾರಿಗಳು ಕಾಣಸಿಗುವುದಿಲ್ಲ.

ಇವತ್ತಿನ ಸಂಶೋಧನೆ ನರಗಳ ಕಡೆ ಬೊಟ್ಟು ಮಾಡುತ್ತದೆ. ಸೂಜಿ ಚರ್ಮದ ಕೆಳಗಿನ, ಸ್ನಾಯುವಿನೊಳಗಿನ ನರಗಳನ್ನು ಕೆಣಕುತ್ತದೆ. ಆಗ ಮೆದುಳು ಎಂಡಾರ್ಫಿನ್‌ನಂಥ ನೋವು ತಗ್ಗಿಸುವ ರಾಸಾಯನಿಕಗಳನ್ನು ಬಿಡುತ್ತದೆ. ಈ ರಾಸಾಯನಿಕವನ್ನು ತಡೆಯುವ ನಾಲಾಕ್ಸೋನ್ ಎಂಬ ಔಷಧಿ ಕೊಟ್ಟರೆ ಸೂಜಿಯ ಪರಿಣಾಮ ಕುಗ್ಗುತ್ತದೆ ಎಂದು 1970ರ ದಶಕದಲ್ಲೇ ಪ್ರಯೋಗಗಳು ತೋರಿಸಿದವು. 2010ರಲ್ಲಿ ಇಲಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ, ಸೂಜಿ ಚುಚ್ಚಿದ ಜಾಗದ ಸುತ್ತ ಅಡೆನೋಸಿನ್ ಎಂಬ ನೋವು ನಿವಾರಕ ವಸ್ತು ಹೆಚ್ಚಿದ್ದು ಕಂಡಿತು.

ಇದರ ಜೊತೆಗೆ ಇನ್ನೊಂದು ವಿಷಯ ಇದೆ. ಅರ್ಧ ಗಂಟೆ ಫೋನ್ ಇಲ್ಲದೆ, ಅಲ್ಲಾಡದೆ ಮಲಗುತ್ತೀರಿ. ಒಬ್ಬರು ನಿಮ್ಮ ನೋವಿನ ಬಗ್ಗೆ ಸಮಾಧಾನವಾಗಿ ಕೇಳುತ್ತಾರೆ, ನಾಡಿ ಹಿಡಿದು ನೋಡುತ್ತಾರೆ, ಕತ್ತು ಮುಟ್ಟಿ ಎಲ್ಲಿ ಗಂಟು ಕಟ್ಟಿದೆ ಎಂದು ಹುಡುಕುತ್ತಾರೆ. ಇದೂ ಪರಿಣಾಮದ ಒಂದು ಭಾಗ. ಇದನ್ನು ಕೀಳಾಗಿ ನೋಡಬಾರದು ಅಂತ ನನ್ನ ಗಟ್ಟಿ ಅನಿಸಿಕೆ.

ಹಾಗಾದರೆ ಇದು ಬರೀ ಮನಸ್ಸಿನ ನಂಬಿಕೆನಾ? ನಿಜಕ್ಕೂ ಗುಣ ಇದೆಯಾ?

ಈ ಪ್ರಶ್ನೆಗೆ ಒಂದೇ ಮಾತಲ್ಲಿ ಹೌದು, ಇಲ್ಲ ಅನ್ನುವವರನ್ನು ನಾನು ನಂಬುವುದಿಲ್ಲ.

ಜರ್ಮನಿಯಲ್ಲಿ ಸೊಂಟ ನೋವಿನ 1162 ಜನರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಫಲಿತಾಂಶ 2007ರಲ್ಲಿ ಬಂತು. ಮೂರು ಗುಂಪು. ಒಂದು ಗುಂಪಿಗೆ ಸರಿಯಾದ ಬಿಂದುಗಳಲ್ಲಿ ಸೂಜಿ. ಇನ್ನೊಂದಕ್ಕೆ ಬಿಂದು ಅಲ್ಲದ ಕಡೆ, ಮೇಲೆ ಮೇಲೆ ಚುಚ್ಚಿದ ತೋರಿಕೆಯ ಸೂಜಿ. ಮೂರನೆಯದಕ್ಕೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮದ ಮಾಮೂಲಿ ಚಿಕಿತ್ಸೆ. ಆರು ತಿಂಗಳ ಬಳಿಕ ನೋಡಿದರೆ ಮೊದಲ ಗುಂಪಿನಲ್ಲಿ 100ಕ್ಕೆ ಸುಮಾರು 48 ಜನಕ್ಕೆ ಒಳ್ಳೆಯ ಸುಧಾರಣೆ. ತೋರಿಕೆಯ ಸೂಜಿಯವರಲ್ಲಿ 44. ಮಾಮೂಲಿ ಚಿಕಿತ್ಸೆಯವರಲ್ಲಿ 27. ಅಂದರೆ ಸೂಜಿಯ ಎರಡೂ ಗುಂಪಿನವರು ಮೂರನೆಯವರಿಗಿಂತ ಎಷ್ಟೋ ಚೆನ್ನಾಗಿದ್ದರು. ಆದರೆ ಎಲ್ಲಿ ಚುಚ್ಚಿದರು ಎನ್ನುವುದರಿಂದ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ.

ಅರೆತಲೆನೋವಿನಲ್ಲಿ ಚಿತ್ರ ಸ್ವಲ್ಪ ಸ್ಪಷ್ಟ. ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2016ರಲ್ಲಿ 22 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಅಕ್ಯುಪಂಕ್ಚರ್ ಸೇರಿಸಿಕೊಂಡವರಲ್ಲಿ 100ಕ್ಕೆ 41 ಜನಕ್ಕೆ ತಲೆನೋವು ಬರುವ ಸಲಗಳು ಅರ್ಧಕ್ಕಿಳಿದವು. ಸೇರಿಸಿಕೊಳ್ಳದವರಲ್ಲಿ ಅದು 17. ತೋರಿಕೆಯ ಸೂಜಿಯ ಜೊತೆ ಹೋಲಿಸಿದ ಅಧ್ಯಯನಗಳಲ್ಲಿ ನಿಜವಾದ ಸೂಜಿಯವರಲ್ಲಿ 50, ತೋರಿಕೆಯವರಲ್ಲಿ 41. ಅಂತರ ಸಣ್ಣದು, ಆದರೆ ಇದೆ. ತಿಂಗಳಿಗೆ ಹಲವು ದಿನ ಕತ್ತಲ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗುವವರಿಗೆ ಆ ಸಣ್ಣ ಅಂತರವೂ ದೊಡ್ಡದೇ.

ಸರ್ಕಾರಗಳ ತೀರ್ಮಾನವೂ ಒಂದೇ ಥರ ಇಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಅರೆತಲೆನೋವಿಗೆ ಇದನ್ನು ಪರಿಗಣಿಸಬಹುದು ಎನ್ನುತ್ತದೆ, ಸೊಂಟ ನೋವಿಗೆ ಮತ್ತು ಮಂಡಿ ಸವೆತಕ್ಕೆ ಬೇಡ ಎನ್ನುತ್ತದೆ. ಜರ್ಮನಿಯ ಸರ್ಕಾರಿ ವಿಮೆ ಅದೇ ಸೊಂಟಕ್ಕೂ ಮಂಡಿಗೂ ಹಣ ಕೊಡುತ್ತದೆ. ಅಮೆರಿಕದಲ್ಲಿ ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ವಿಮೆ ಮೆಡಿಕೇರ್ 2020ರಿಂದ ಹಳೆಯ ಸೊಂಟ ನೋವಿಗೆ ಕೊಡುತ್ತಿದೆ. ಒಬ್ಬರು ಸೂಜಿಗೇ ಇರುವ ಗುಣ ಎಷ್ಟು ಅಂತ ಕೇಳುತ್ತಾರೆ. ಇನ್ನೊಬ್ಬರು ರೋಗಿಗೆ ಒಟ್ಟಾರೆ ಎಷ್ಟು ಆರಾಮಾಯಿತು ಅಂತ ಕೇಳುತ್ತಾರೆ. ನಾನು ರೋಗಿ. ನನಗೆ ಎರಡನೆಯ ಪ್ರಶ್ನೆ ಜಾಸ್ತಿ ಮುಖ್ಯ.

ಯಾವ್ಯಾವ ತೊಂದರೆಗೆ ಹೋಗಬಹುದು?

ಅರೆತಲೆನೋವು, ಒತ್ತಡದ ತಲೆನೋವು, ಹಳೆಯ ಕತ್ತು ನೋವು, ಸೊಂಟ ನೋವು, ಮಂಡಿ ನೋವು. ಆಪರೇಷನ್ ಆದ ಮೇಲೆ ಅಥವಾ ಕೀಮೋಥೆರಪಿ ಆದ ಮೇಲೆ ಬರುವ ವಾಕರಿಕೆಗೂ ಒಳ್ಳೆಯ ಆಧಾರ ಇದೆ. ನಿದ್ದೆ, ಆತಂಕದ ವಿಷಯದಲ್ಲಿ ಆಧಾರ ಅಷ್ಟು ಗಟ್ಟಿಯಿಲ್ಲ. ಆದರೂ ಸೂಜಿ ಹಾಕಿಸಿಕೊಂಡ ದಿನ ಚೆನ್ನಾಗಿ ನಿದ್ದೆ ಬರುತ್ತದೆ ಎಂದು ತುಂಬಾ ಜನ ಹೇಳುತ್ತಾರೆ, ನನ್ನ ಅನುಭವವೂ ಅದೇ.

ಎದೆ ನೋವು, ಇದ್ದಕ್ಕಿದ್ದಂತೆ ಕೈಕಾಲು ಶಕ್ತಿ ಹೋಗುವುದು, ಮಾತು ತೊದಲುವುದು, ಹಿಂದೆಂದೂ ಬಾರದಂಥ ಭಯಂಕರ ತಲೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಮೈಮೇಲೆ ಗಂಟು: ಇವಕ್ಕೆಲ್ಲ ನೇರ ಆಸ್ಪತ್ರೆಗೆ ಹೋಗಿ. ಯಾವುದೇ ನೋವಾದರೂ ಮೊದಲು ಡಾಕ್ಟರಿಗೆ ತೋರಿಸಿ, ಏನು ಕಾಯಿಲೆ ಅಂತ ಗೊತ್ತು ಮಾಡಿಕೊಂಡು ಆಮೇಲೆ ಸೂಜಿಯ ವಿಚಾರ ಮಾಡಿ.

ಶುಗರ್, ಬಿ.ಪಿ. ಮಾತ್ರೆ ನಿಲ್ಲಿಸಬಹುದು ಅಂತ ಹೇಳಿದರು. ನಿಜಾನಾ?

ಬೇಡ. ದಯವಿಟ್ಟು ನಿಲ್ಲಿಸಬೇಡಿ. ಹಾಗೆ ಹೇಳಿದವರ ಬಳಿ ಮತ್ತೆ ಹೋಗಲೂ ಬೇಡಿ. ಇನ್ಸುಲಿನ್, ಥೈರಾಯ್ಡ್ ಮಾತ್ರೆ, ಮೂರ್ಛೆ ರೋಗದ ಮಾತ್ರೆ, ಹೃದಯದ ಮಾತ್ರೆ ಯಾವುದಕ್ಕೂ ಸೂಜಿ ಬದಲಿಯಲ್ಲ.

2024ರ ಫೆಬ್ರವರಿಯಲ್ಲಿ ತಿರುವನಂತಪುರದ ನೇಮಂ ಬಳಿ ಆಸ್ಪತ್ರೆ ಬಿಟ್ಟು ಮನೆಯಲ್ಲೇ ಹೆರಿಗೆಗೆ ಹೋಗಿ ತಾಯಿಯೂ ಮಗುವೂ ತೀರಿಕೊಂಡರು. ಗಂಡನ ಜೊತೆಗೆ ಅಕ್ಯುಪಂಕ್ಚರ್ ಮಾಡುವವರೊಬ್ಬರನ್ನೂ ಪೊಲೀಸರು ಬಂಧಿಸಿದರು. ಆ ಸುದ್ದಿ ಓದಿ ನನಗೆ ಎಷ್ಟೋ ದಿನ ಸಂಕಟವಾಯಿತು. ತಲೆನೋವಿಗೆ ಆರಾಮ ಕೊಡುವ ಒಂದು ಚಿಕಿತ್ಸೆಯ ಹೆಸರಲ್ಲಿ ಎರಡು ಜೀವ ಹೋಗಬಾರದಿತ್ತು.

ಒಳ್ಳೆಯ ಚಿಕಿತ್ಸಕರನ್ನು ಹುಡುಕುವುದು ಹೇಗೆ?

ಕೇಂದ್ರ ಆರೋಗ್ಯ ಇಲಾಖೆ 2003ರ ನವೆಂಬರಿನ ಆದೇಶದಲ್ಲಿ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ವಿಧಾನ ಎಂದು ಒಪ್ಪಿಕೊಂಡಿತು. ನೋಂದಾಯಿತ ವೈದ್ಯರು ಅಥವಾ ಸರಿಯಾದ ತರಬೇತಿ ಪಡೆದವರು ಮಾಡಬಹುದು ಅಂತ. ತೊಂದರೆ ಇರುವುದು ಆ "ಸರಿಯಾದ ತರಬೇತಿ"ಯಲ್ಲೇ. ವಾರಾಂತ್ಯದ ಕ್ಲಾಸು ಮುಗಿಸಿ ಬೋರ್ಡು ಹಾಕಿಕೊಂಡವರೂ ಇದ್ದಾರೆ, ವರ್ಷಗಟ್ಟಲೆ ಕಲಿತವರೂ ಇದ್ದಾರೆ.

ನಮ್ಮ ರಾಜ್ಯದಲ್ಲಿ ಸುಲಭವಾಗಿ ನೋಡಬಹುದಾದ ಅರ್ಹತೆ ಬಿ.ಎನ್.ವೈ.ಎಸ್. ಪದವಿ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಈ ಕೋರ್ಸು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಂಗರಚನೆಯಿಂದ ಹಿಡಿದು ಅಕ್ಯುಪಂಕ್ಚರ್ ತನಕ ಅದರಲ್ಲಿ ಬರುತ್ತದೆ. ಉಜಿರೆಯ ಎಸ್.ಡಿ.ಎಂ. ಕಾಲೇಜು, ಮೈಸೂರಿನ ಸರ್ಕಾರಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಕಾಲೇಜು ಇದನ್ನು ಕಲಿಸುತ್ತವೆ. ಎಂ.ಬಿ.ಬಿ.ಎಸ್. ಮುಗಿಸಿ ಅಕ್ಯುಪಂಕ್ಚರ್ ಕಲಿತ ಡಾಕ್ಟರುಗಳೂ ಸಿಗುತ್ತಾರೆ.

ಹೋದ ಮೇಲೆ ನಾಚಿಕೆ ಪಡದೆ ಕೇಳಿ. ಎಲ್ಲಿ ಕಲಿತಿರಿ? ನೋಂದಣಿ ಸಂಖ್ಯೆ ಏನು? ಸೂಜಿ ಹೊಸದಾ? ನನ್ನ ತೊಂದರೆಗೆ ಎಷ್ಟು ಸಲ ಬೇಕಾಗಬಹುದು? ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. "ಕ್ಯಾನ್ಸರ್ ವಾಸಿ ಮಾಡುತ್ತೇನೆ", "ಇಪ್ಪತ್ತು ಸಲದ ದುಡ್ಡು ಮುಂಗಡ ಕೊಟ್ಟುಬಿಡಿ" ಅಂದರೆ ಎದ್ದು ಬನ್ನಿ.

ಮೊದಲ ದಿನ ಏನೇನಾಗುತ್ತದೆ?

ಮೊದಲ ದಿನ ಮಾತೇ ಜಾಸ್ತಿ. ಹಳೆಯ ಕಾಯಿಲೆ, ಮಾತ್ರೆಗಳು, ನಿದ್ದೆ, ಹಸಿವು, ಹೆಂಗಸರಾದರೆ ಮುಟ್ಟಿನ ವಿಚಾರ ಕೇಳುತ್ತಾರೆ. ಕೆಲವರು ನಾಲಿಗೆ ನೋಡುತ್ತಾರೆ. ಆಮೇಲೆ ಮಲಗಿಸಿ ಚರ್ಮವನ್ನು ಸ್ಪಿರಿಟ್‌ನಲ್ಲಿ ಒರೆಸಿ ಸೂಜಿ ಹಾಕುತ್ತಾರೆ. ತಲೆನೋವಿಗೆ ಕೈಗೂ ಕಾಲಿಗೂ ಯಾಕೆ ಅಂತ ಗಾಬರಿ ಬೇಡ, ಈ ಪದ್ಧತಿಯಲ್ಲಿ ದೂರದ ಬಿಂದುಗಳನ್ನೂ ಬಳಸುತ್ತಾರೆ. ಇಪ್ಪತ್ತರಿಂದ ಮೂವತ್ತು ನಿಮಿಷ ಹಾಗೇ ಬಿಡುತ್ತಾರೆ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತುತ್ತದೆ. ಎರಡು ಇಡ್ಲಿ ತಿಂದು ಒಂದು ಗಂಟೆ ಬಿಟ್ಟು ಹೋದರೆ ಸರಿ. ಹೊಟ್ಟೆ ಬಿರಿಯುವಷ್ಟು ಊಟ ಮಾಡಿಯೂ ಹೋಗಬಾರದು. ಮೊಣಕೈ, ಮೊಣಕಾಲಿನ ತನಕ ಮಡಚಲು ಬರುವ ಸಡಿಲ ಬಟ್ಟೆ ಹಾಕಿಕೊಳ್ಳಿ. ಮುಗಿದ ಮೇಲೆ ಸ್ವಲ್ಪ ಕೂತು, ನೀರು ಕುಡಿದು ಏಳಿ. ಮೊದಲ ಸಲ ಸ್ಕೂಟರಿನಲ್ಲಿ ಒಬ್ಬರೇ ಹೋಗದಿದ್ದರೆ ಒಳ್ಳೆಯದು.

ಎಷ್ಟು ಸಲ ಹೋಗಬೇಕು? ಖರ್ಚು?

ನೈಸ್ ಸಂಸ್ಥೆ ತಲೆನೋವಿಗೆ ಹೇಳಿರುವುದು ಐದರಿಂದ ಎಂಟು ವಾರದಲ್ಲಿ 10 ಸಲದವರೆಗೆ. ಮೆಡಿಕೇರ್ 90 ದಿನದಲ್ಲಿ 12 ಸಲ ಕೊಟ್ಟು, ಗುಣ ಕಂಡರೆ ಮಾತ್ರ ಇನ್ನೂ 8 ಕೊಡುತ್ತದೆ. ಈ ಕ್ರಮ ನನಗೆ ತುಂಬಾ ಹಿಡಿಸಿತು. ಒಂದು ಗಡಿ ಹಾಕಿಕೊಂಡು ಶುರು ಮಾಡಿ. ಅಷ್ಟರಲ್ಲಿ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ, ಆ ದುಡ್ಡನ್ನು ಫಿಸಿಯೋಥೆರಪಿಗೋ ಇನ್ನೊಂದಕ್ಕೋ ಹಾಕಿ.

ಖರ್ಚು ಊರಿಂದ ಊರಿಗೆ ಬೇರೆ. ಒಂದು ಸಲಕ್ಕೆ ಕೆಲವು ನೂರು ರೂಪಾಯಿಂದ ಸಾವಿರ ದಾಟುವ ತನಕ ಇದೆ. ಹೋಗಿ ಬಂದು ಮಾಡುವ ಚಿಕಿತ್ಸೆಗೆ ನಮ್ಮಲ್ಲಿ ಆರೋಗ್ಯ ವಿಮೆ ಸಾಮಾನ್ಯವಾಗಿ ಬರುವುದಿಲ್ಲ. ಪಾಲಿಸಿಯ ಕಾಗದ ಒಮ್ಮೆ ನೋಡಿ.

ಅಪಾಯ ಏನಾದರೂ ಇದೆಯಾ?

ಚುಚ್ಚಿದ ಕಡೆ ಹನಿ ರಕ್ತ, ಸಣ್ಣ ನೀಲಿ ಕಲೆ, ಒಂದೆರಡು ದಿನ ಮೈ ನೋವು, ತಲೆ ಸುತ್ತು. ಇವು ಮಾಮೂಲಿ. ದೊಡ್ಡ ಅಪಾಯ ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಎದೆ, ಬೆನ್ನಿನ ಮೇಲ್ಭಾಗ, ಭುಜದ ಬಳಿ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ಸೂಜಿ ಹಾಕಿಸಿಕೊಂಡ ಮೇಲೆ ಉಸಿರಾಡಲು ಕಷ್ಟವಾದರೆ, ಎದೆಯಲ್ಲಿ ಚುಚ್ಚಿದ ಹಾಗಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿದ್ದನ್ನು ಹೇಳಿ.

ಇನ್ನೊಂದು ಅಪಾಯ ಸೋಂಕು. ಒಬ್ಬರಿಗೆ ಹಾಕಿದ ಸೂಜಿ ಇನ್ನೊಬ್ಬರಿಗೆ ಹಾಕಿದರೆ ಹೆಪಟೈಟಿಸ್ ಬಿ ಬರಬಹುದು. ನಿಮ್ಮ ಕಣ್ಣೆದುರೇ ಮುಚ್ಚಿದ ಪೊಟ್ಟಣ ಒಡೆಯಬೇಕು. ಬಳಸಿದ ಸೂಜಿ ತೂತಾಗದ ಡಬ್ಬಿಗೆ ಬೀಳಬೇಕು. ತೆಗೆಯುವಾಗ ಎಣಿಸಬೇಕು. ಮನೆಗೆ ಬಂದು ತಲೆಗೂದಲಲ್ಲೋ ಕಿವಿ ಹಿಂದೆಯೋ ಒಂದು ಸೂಜಿ ಸಿಗುವುದುಂಟು!

ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ನಿಕ್ಕಲ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಪೇಸ್‌ಮೇಕರ್ ಇದ್ದವರು ಸೂಜಿಗೆ ಕರೆಂಟು ಕೊಡುವ ವಿಧಾನವನ್ನು ಬೇಡ ಅನ್ನಬೇಕು.

ಗರ್ಭಿಣಿಯರು ಮಾಡಿಸಿಕೊಳ್ಳಬಹುದಾ?

ನಿಮ್ಮ ಹೆರಿಗೆ ಡಾಕ್ಟರು ಒಪ್ಪಿದರೆ ಮಾತ್ರ. ಹೆಬ್ಬೆರಳು ತೋರುಬೆರಳ ನಡುವಿನ ಬಿಂದು, ಕಾಲಿನ ಒಳಗೆಣ್ಣಿನ ಮೇಲಿನ ಬಿಂದು, ಕೆಳಹೊಟ್ಟೆ, ಇವನ್ನು ಗರ್ಭಿಣಿಯರಲ್ಲಿ ಮುಟ್ಟುವುದಿಲ್ಲ ಎಂಬುದು ಹಳೆಯ ನಿಯಮ. ಇನ್ನೂ ಖಾತ್ರಿಯಾಗದಿದ್ದರೂ, ಅನುಮಾನ ಇದ್ದರೆ ಅದನ್ನೂ ಹೇಳಿ.

ಮನೆಯಲ್ಲಿ ನಾನೇ ಮಾಡಿಕೊಳ್ಳಬಹುದಾ? ಆನ್‌ಲೈನಲ್ಲಿ ಸೂಜಿ ಸಿಗುತ್ತಲ್ಲ?

ಸೂಜಿ ಬೇಡವೇ ಬೇಡ. ಬೆರಳಿನಿಂದ ಒತ್ತುವುದು ಧಾರಾಳವಾಗಿ ಮಾಡಬಹುದು. ನಾನು ಎಲ್ಲರಿಗೂ ಹೇಳಿಕೊಡುವುದು ಪಿ 6 ಎಂಬ ಬಿಂದು. ಅಂಗೈ ಮೇಲೆ ಮಾಡಿ ಹಿಡಿಯಿರಿ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಅಡ್ಡ ಇಡಿ. ಅಲ್ಲಿ ಎರಡು ನರದಂಥ ಹುರಿಗಳ ನಡುವೆ ಹೆಬ್ಬೆರಳಿಟ್ಟು ಎರಡು ಮೂರು ನಿಮಿಷ ಒತ್ತಿ. ವಾಕರಿಕೆಗೆ ಇದೊಂದು ಬಿಂದುವಿನ ಮೇಲೆ ನಡೆದಷ್ಟು ಅಧ್ಯಯನ ಬೇರೆ ಯಾವುದರ ಮೇಲೂ ನಡೆದಿರಲಾರದು. ಮಡಿಕೇರಿಗೋ ಆಗುಂಬೆಗೋ ಬಸ್ಸಿನಲ್ಲಿ ಹೋಗುವಾಗ ಹೊಟ್ಟೆ ತೊಳಸಿದರೆ ಮಾಡಿ ನೋಡಿ. ಖರ್ಚಿಲ್ಲ, ಅಪಾಯವಿಲ್ಲ.

ಮುಳ್ಳುಮುಳ್ಳಿನ ಚಪ್ಪಲಿ, ಚಾಪೆಗಳಿಂದ ಕೆಲವರಿಗೆ ಹಿತ ಅನಿಸುತ್ತದೆ. ಶುಗರ್‌ನಿಂದ ಪಾದದ ಸ್ಪರ್ಶ ಕಡಿಮೆಯಾದವರು ಮಾತ್ರ ಹಾಕಲೇಬಾರದು. ಗಾಯವಾದರೂ ಗೊತ್ತಾಗುವುದಿಲ್ಲ.

ಫಿಸಿಯೋದವರು ಡ್ರೈ ನೀಡ್ಲಿಂಗ್ ಅಂತಾರೆ. ಅದೂ ಇದೇನಾ?

ಸೂಜಿ ಅದೇ, ಲೆಕ್ಕಾಚಾರ ಬೇರೆ. ಅವರು ಚೀನೀ ಬಿಂದು ನೋಡುವುದಿಲ್ಲ. ಸ್ನಾಯುವಿನಲ್ಲಿ ಗಂಟು ಕಟ್ಟಿ ಬಿಗಿದಿರುವ ಜಾಗಕ್ಕೆ ನೇರವಾಗಿ ಹಾಕುತ್ತಾರೆ. ಆಗ ಸ್ವಲ್ಪ ಜೋರಾಗಿಯೇ ನೋಯುತ್ತದೆ.

ದಿನಚರಿಯಲ್ಲಿ ಇದನ್ನು ಹೇಗೆ ಸೇರಿಸಿಕೊಳ್ಳಲಿ?

ಶುರು ಮಾಡುವ ಒಂದು ತಿಂಗಳು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಶುರು ಮಾಡಿ. ನೋವು ಬಂದ ದಿನ, ಹತ್ತಕ್ಕೆ ಎಷ್ಟು ನೋವು, ಮಾತ್ರೆ ತಗೊಂಡಿರಾ, ರಾತ್ರಿ ನಿದ್ದೆ ಹೇಗಿತ್ತು. ಇಷ್ಟು ಸಾಕು. ಇಲ್ಲದಿದ್ದರೆ ಸುಮ್ನೆ "ಏನೋ ಪರವಾಗಿಲ್ಲ ಅನಿಸುತ್ತೆ" ಅಂತ ಹೇಳುತ್ತಾ ದುಡ್ಡು ಕಟ್ಟುತ್ತಿರುತ್ತೀರಿ. ಈ ಪಟ್ಟಿ ನಿಮ್ಮ ಡಾಕ್ಟರಿಗೂ ತೋರಿಸಿ.

ಸೂಜಿ ಹಾಕಿಸಿಕೊಳ್ಳುವ ದಿನ ಸಂಜೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಹೆಂಗಸರು ಚಿಕಿತ್ಸೆ ಮುಗಿಸಿ ನೇರ ಅಡುಗೆಮನೆಗೆ ಹೋಗುತ್ತಾರೆ. ಆ ಒಂದು ಸಂಜೆ ಅನ್ನ ಸಾರು ಬೇರೆಯವರು ಮಾಡಲಿ. ಜೊತೆಗೆ ಹೊತ್ತಿಗೆ ಸರಿಯಾಗಿ ಊಟ, ನಡಿಗೆ, ಒಂದೇ ಹೊತ್ತಿಗೆ ಮಲಗುವುದು ಇರಲಿ. ಅರೆತಲೆನೋವಿಗಂತೂ ಊಟ ತಪ್ಪಿಸುವುದು, ನಿದ್ದೆ ಕೆಡುವುದು ದೊಡ್ಡ ಶತ್ರುಗಳು. ಸೂಜಿ ಅವನ್ನು ಸರಿ ಮಾಡುವುದಿಲ್ಲ.

ಅಮ್ಮನಿಗೆ ವಯಸ್ಸಾಗಿದೆ, ಮಂಡಿ ನೋವು. ಕರೆದುಕೊಂಡು ಹೋಗಬಹುದಾ?

ಹೋಗಬಹುದು. ವಯಸ್ಸು ಅಡ್ಡಿಯಲ್ಲ. ಅವರು ತಗೊಳ್ಳುವ ಎಲ್ಲಾ ಮಾತ್ರೆಯ ಚೀಟಿ ಜೊತೆಗಿರಲಿ. ಸವೆದ ಮಂಡಿ ಮತ್ತೆ ಬೆಳೆಯುವುದಿಲ್ಲ, ನೋವು ಸ್ವಲ್ಪ ತಗ್ಗಬಹುದು ಅಷ್ಟೇ ಅಂತ ಮೊದಲೇ ಹೇಳಿ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಸಿ. ಮಂಡಿಗೆ ಅದರ ಆಧಾರ ಸೂಜಿಗಿಂತ ಗಟ್ಟಿ. ಮೊದಲ ಸಲ ಮಲಗಿಸಿಯೇ ಮಾಡಲು ಹೇಳಿ, ಕೂತಲ್ಲಿ ತಲೆ ಸುತ್ತಿದರೆ ಬೀಳುತ್ತಾರೆ. ಮಂಚ ಎತ್ತರ ಇದ್ದರೆ ಹತ್ತಲು ಮೆಟ್ಟಿಲು ಇದೆಯಾ, ಕ್ಲಿನಿಕ್ ಎಷ್ಟನೇ ಮಹಡಿ, ಲಿಫ್ಟ್ ಇದೆಯಾ ಅಂತ ಫೋನಿನಲ್ಲೇ ವಿಚಾರಿಸಿಕೊಂಡು ಹೊರಡಿ.